ರೆಕ್ಕೆಯ ಮೇಲಿನ ಗಾಳಿಯನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಹೇಗೆ?

ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ತೆರೆದರೆ ಕೆಂಪು, ನೀಲಿ ಬಣ್ಣದ ಚಿತ್ರಗಳು ಪುಟಗಟ್ಟಲೆ ಇರುತ್ತವೆ. ಡ್ರ್ಯಾಗ್ (ರೆಕ್ಕೆಯನ್ನು ಹಿಂದಕ್ಕೆ ಎಳೆಯುವ ಗಾಳಿಯ ಬಲ) ಎಷ್ಟು ಬಂತು, ಯಾವುದರ ಜತೆ ತಾಳೆ ನೋಡಿದಿರಿ ಎಂದರೆ ಉತ್ತರವೇ ಇರುವುದಿಲ್ಲ. ಇಂಥ ಲೆಕ್ಕಕ್ಕೆ ರೆಕ್ಕೆಯ ಸುತ್ತಲಿನ ಜಾಗವನ್ನು ಸೆಲ್ ಎಂಬ ಸಣ್ಣ ಸಣ್ಣ ಖಾನೆಗಳಾಗಿ ಒಡೆಯುತ್ತೇವೆ, ಆ ಖಾನೆಗಳ ಬಲೆಯೇ ಮೆಶ್. ಹೆಚ್ಚಿನವರು ಎಡವುವುದು ರೆಕ್ಕೆಯ ಮೈಗೆ ತಾಗಿದ ಸೆಲ್‌ಗಳ ಮೊದಲ ಪದರದಲ್ಲಿ. ಹಾಗಾಗಿ ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಂತ 1: ಉತ್ತರ ಗೊತ್ತಿರುವ ರೆಕ್ಕೆಯಿಂದಲೇ ಶುರು ಮಾಡಿ. ನಾಕಾ 0012 ಎಂಬ ಪ್ರಮಾಣಿತ ರೆಕ್ಕೆಯ ಅಡ್ಡಸೀಳಿಕೆ ಒಳ್ಳೆಯದು. ಮೇಲೆ ಕೆಳಗೆ ಒಂದೇ ಆಕಾರ, ದಪ್ಪ ಕಾರ್ಡ್ ಉದ್ದದ (ಮುಂಬದಿಯ ಅಂಚಿನಿಂದ ಹಿಂಬದಿಯ ಅಂಚಿನವರೆಗಿನ ಉದ್ದ) ಶೇ 12. ಅದರ ಆಕಾರವನ್ನು ಸೂತ್ರದಿಂದಲೇ ಬರೆಯಿರಿ. ಇಂಟರ್‌ನೆಟ್‌ನಲ್ಲಿ ಸಿಗುವ ಕೆಲವೇ ಬಿಂದುಗಳ ಫೈಲ್ ಬೇಡ. ಅದರಲ್ಲಿ ಮೈ ಅಂಕುಡೊಂಕಾಗಿ, ಒತ್ತಡದ ಗ್ರಾಫ್ ಕುಣಿಯುತ್ತದೆ.

ಹಂತ 2: ಮೆಶ್‌ನ ಹೊರಗಿನ ಗಡಿಯನ್ನು ರೆಕ್ಕೆಯಿಂದ ದೂರ ಇಡಿ. ನಾಸಾದ ಮೆಶ್‌ಗಳಲ್ಲಿ ಅದು ಸುಮಾರು 500 ಕಾರ್ಡ್ ದೂರದಲ್ಲಿದೆ. ದೂರದ ಸೆಲ್‌ಗಳು ದೊಡ್ಡದಿರುವುದರಿಂದ ಖರ್ಚು ಜಾಸ್ತಿ ಆಗುವುದಿಲ್ಲ. 10 ಕಾರ್ಡ್‌ಗೆ ನಿಲ್ಲಿಸಬೇಡಿ.

ಹಂತ 3: ಮೊದಲ ಪದರ. ರೆಕ್ಕೆಯ ಮೈ ಮೇಲೆ ಗಾಳಿಯ ವೇಗ ಸೊನ್ನೆ. ಸ್ವಲ್ಪ ಮೇಲೆ ಹೋದರೆ ಪೂರ್ತಿ ವೇಗ. ಈ ಏರಿಕೆ ಎಷ್ಟು ಕಡಿದಾಗಿದೆ ಎನ್ನುವುದೇ ಘರ್ಷಣೆ. ಅದನ್ನು ಹಿಡಿಯಲು ಮೊದಲ ಸೆಲ್‌ನ ವೈ ಪ್ಲಸ್ (ಮೈಯಿಂದ ಇರುವ ದೂರವನ್ನು ಅಲ್ಲಿನ ಘರ್ಷಣೆಗೆ ತಕ್ಕಂತೆ ಅಳೆಯುವ ಸಂಖ್ಯೆ) 1ರ ಆಸುಪಾಸಿನಲ್ಲಿರಬೇಕು.

ಲೆಕ್ಕ ಹೀಗೆ. ಕಾರ್ಡ್ 1 ಮೀಟರ್, ರೆನಾಲ್ಡ್ಸ್ ಸಂಖ್ಯೆ (ಗಾಳಿಯ ವೇಗ, ಕಾರ್ಡ್ ಮತ್ತು ಸ್ನಿಗ್ಧತೆಯನ್ನು ಕೂಡಿಸಿ ಹೇಳುವ ಸಂಖ್ಯೆ) 60 ಲಕ್ಷ ಎಂದಿಟ್ಟುಕೊಳ್ಳಿ. 0.026ನ್ನು ಈ ಸಂಖ್ಯೆಯ ಏಳನೇ ಮೂಲದಿಂದ ಭಾಗಿಸಿದರೆ ಘರ್ಷಣೆಯ ಗುಣಾಂಕ ಸುಮಾರು 0.0028. ಅದರ ಅರ್ಧದ ವರ್ಗಮೂಲ 0.0374. ಇದನ್ನು 60 ಲಕ್ಷದಿಂದ ಗುಣಿಸಿ, ಬಂದದ್ದರಿಂದ 1 ಮೀಟರನ್ನು ಭಾಗಿಸಿ. ಸಿಗುವುದು ವೈ ಪ್ಲಸ್ 1ಕ್ಕೆ ಬೇಕಾದ ಮೊದಲ ಸೆಲ್‌ನ ಎತ್ತರ, 4.5 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಮ್ಮಿ. ಆಟೊ ಮೆಶ್ ಬಟನ್ ಒತ್ತಿ 1 ಮಿಲಿಮೀಟರ್ ಸೆಲ್ ಇಟ್ಟವರಿಗೆ ವೈ ಪ್ಲಸ್ 220 ದಾಟುತ್ತದೆ!

ಅಲ್ಲಿಂದ ಪ್ರತಿ ಪದರವನ್ನು ಹಿಂದಿನದರ 1.2 ಪಟ್ಟು ಎತ್ತರಿಸಿ. ಹಿಂಬದಿಯ ಅಂಚಿನಲ್ಲಿ ಬೌಂಡರಿ ಲೇಯರ್ (ವೇಗ ಸೊನ್ನೆಯಿಂದ ಪೂರ್ತಿಗೆ ಏರುವ ಗಾಳಿಯ ಪದರ) ಸುಮಾರು 16 ಮಿಲಿಮೀಟರ್ ಇರುತ್ತದೆ. ಅದನ್ನು ತುಂಬಲು 36 ಪದರ ಬೇಕು. 10 ಪದರಕ್ಕೆ ಸುಸ್ತಾಗಬೇಡಿ. ವಾಲ್ ಫಂಕ್ಷನ್ (ಮೈ ಹತ್ತಿರದ ವೇಗವನ್ನು ಸೆಲ್‌ಗಳಲ್ಲಿ ಬಿಡಿಸದೆ ಸೂತ್ರದಿಂದ ಅಂದಾಜಿಸುವುದು) ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ಹಾಕಬಹುದು, ಆದರೆ ಆಗ ವೈ ಪ್ಲಸ್ 30ಕ್ಕಿಂತ ಮೇಲಿರಬೇಕು. 5ರಿಂದ 30ರ ನಡುವೆ ಸಿಕ್ಕಿಕೊಂಡರೆ ಎರಡೂ ವಿಧಾನ ಕೆಡುತ್ತದೆ. ನನ್ನ ಸಲಹೆ, ರೆಕ್ಕೆಯ ಡ್ರ್ಯಾಗ್ ಬೇಕಿದ್ದರೆ ವಾಲ್ ಫಂಕ್ಷನ್ ಬೇಡವೇ ಬೇಡ. ಲೆಕ್ಕ ಮುಗಿದ ಮೇಲೆ ನಿಜವಾದ ವೈ ಪ್ಲಸ್ ಎಷ್ಟು ಬಂತು ಎಂದು ರೆಕ್ಕೆಯುದ್ದಕ್ಕೂ ನೋಡಿ. ರೆಕ್ಕೆಯ ಮೂಗಿನ (ಮುಂಬದಿಯ ಅಂಚಿನ) ಹತ್ತಿರ ಅದು ಏರಿರುತ್ತದೆ.

ಹಂತ 4: ಲೆಕ್ಕ ಹಾಕುವ ಸಾಫ್ಟ್‌ವೇರ್ ಆಗಿ ಓಪನ್‌ಫೋಮ್ ಅಥವಾ ಎಸ್‌ಯು2 ಸಾಕು, ಎರಡೂ ಉಚಿತ. ಟರ್ಬ್ಯುಲೆನ್ಸ್‌ಗೆ (ಗಾಳಿಯ ಸುಳಿಗಳ ಪರಿಣಾಮಕ್ಕೆ) ಸ್ಪಲಾರ್ಟ್-ಆಲ್ಮರಾಸ್ ಮಾಡೆಲ್. ಫಸ್ಟ್ ಆರ್ಡರ್ ಸ್ಕೀಮ್‌ನಲ್ಲಿ (ಒರಟು ಅಂದಾಜಿನ ವಿಧಾನ) ಲೆಕ್ಕ ಬೇಗ ಸ್ಥಿರವಾಗುತ್ತದೆ, ಆದರೆ ಡ್ರ್ಯಾಗ್ ಸುಳ್ಳಾಗಿ ಉಬ್ಬುತ್ತದೆ. ಶುರುವಿಗೆ ಮಾತ್ರ ಬಳಸಿ, ಆಮೇಲೆ ಹೆಚ್ಚು ನಿಖರವಾದ ಸೆಕೆಂಡ್ ಆರ್ಡರ್‌ಗೆ ಹೋಗಿ. ರೆಕ್ಕೆಯನ್ನು ತಿರುಗಿಸದೆ ಗಾಳಿಯ ದಿಕ್ಕನ್ನು 10 ಡಿಗ್ರಿ ಓರೆ ಮಾಡಿದರೆ, ಲಿಫ್ಟ್ (ಮೇಲಕ್ಕೆ ಎತ್ತುವ ಬಲ) ಮತ್ತು ಡ್ರ್ಯಾಗ್ ಅಳೆಯುವ ದಿಕ್ಕನ್ನೂ ತಿರುಗಿಸಿ. ಮರೆತರೆ ಡ್ರ್ಯಾಗ್ ಗುಣಾಂಕ ಮೈನಸ್ 0.18ರ ಹತ್ತಿರ ಬರುತ್ತದೆ.

ಹಂತ 5: ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದಿರುವ ತಪ್ಪು) ಇಳಿಯಿತೆಂದು ನಿಲ್ಲಿಸಬೇಡಿ. ಲಿಫ್ಟ್, ಡ್ರ್ಯಾಗ್ ಎರಡೂ ಅಲುಗಾಡದೆ ನಿಲ್ಲಬೇಕು.

ಹಂತ 6: ಮೂರು ಮೆಶ್‌ಗಳಲ್ಲಿ ಇದನ್ನೇ ಮಾಡಿ, ಪ್ರತಿ ಸಲ ಎರಡೂ ದಿಕ್ಕಿನಲ್ಲಿ ಸೆಲ್‌ಗಳನ್ನು ದುಪ್ಪಟ್ಟು ಮಾಡಿ. 0 ಡಿಗ್ರಿಯಲ್ಲಿ ಲಿಫ್ಟ್ ಸೊನ್ನೆ ಬರಬೇಕು. 10 ಡಿಗ್ರಿಗೆ, ಮ್ಯಾಕ್ 0.15ರಲ್ಲಿ (ಶಬ್ದದ ವೇಗದ 0.15 ಪಟ್ಟು), ಇದೇ ಮಾಡೆಲ್ ಬಳಸಿ ನಾಸಾ ಪಡೆದದ್ದು ಲಿಫ್ಟ್ ಗುಣಾಂಕ 1.09, ಡ್ರ್ಯಾಗ್ ಗುಣಾಂಕ 0.0123. ನಿಮ್ಮದು ಅಲ್ಲಿಗೆ ಬರದಿದ್ದರೆ ನಾಸಾದ ಸಿದ್ಧ ಮೆಶ್ ಇಳಿಸಿಕೊಂಡು ಅದರಲ್ಲೇ ಓಡಿಸಿ. ಅದರಲ್ಲಿ ಸರಿ ಬಂದರೆ ತಪ್ಪು ನಿಮ್ಮ ಮೆಶ್‌ನಲ್ಲಿದೆ, ಬರದಿದ್ದರೆ ಸೆಟ್ಟಿಂಗ್‌ನಲ್ಲಿದೆ. ಇನ್ನು ರೆಕ್ಕೆ ಸ್ಟಾಲ್ ಆಗುವ (ಗಾಳಿ ಮೈ ಬಿಟ್ಟು ಲಿಫ್ಟ್ ಕುಸಿಯುವ) ಕೋನ ದಾಟಿದ ಮೇಲೆ ಹರಿವು ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಅಲ್ಲಿ ಸ್ಟೆಡಿ ಲೆಕ್ಕದ (ಹರಿವು ಬದಲಾಗುವುದಿಲ್ಲ ಎಂದುಕೊಂಡು ಹಾಕಿದ ಲೆಕ್ಕದ) ಡ್ರ್ಯಾಗ್ ಅನ್ನು ವರದಿಯಲ್ಲಿ ಹಾಕಬೇಡಿ.