ಕೂರಬೇಡಿ, ಓಡಿ: ನೇಪಾಳದಲ್ಲಿ ಮೊದಲ ಸಲ ಹಾರುವವರಿಗೆ, ನದಿಗಿಳಿಯುವವರಿಗೆ

ಪಶುಪತಿನಾಥನ ದರ್ಶನಕ್ಕೆಂದು ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ನೇಪಾಳಕ್ಕೆ ಹೋಗುವವರು ಮೂರು ದಿನ ಹೆಚ್ಚಿಗೆ ಇಟ್ಟುಕೊಂಡರೆ ತ್ರಿಶೂಲಿ ನದಿಯಲ್ಲಿ ರಾಫ್ಟಿಂಗ್ (ಗಾಳಿ ತುಂಬಿದ ದೋಣಿಯಲ್ಲಿ ರಭಸದ ನೀರಿಗಿಳಿಯುವುದು), ಪೋಖರಾದಲ್ಲಿ ಪ್ಯಾರಾಗ್ಲೈಡಿಂಗ್ (ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಬೆಟ್ಟದಿಂದ ಹಾರುವುದು) ಎರಡನ್ನೂ ಮಾಡಿ ಬರಬಹುದು. ಮೊದಲೇ ಕಲಿತಿರಬೇಕೆಂದೇನಿಲ್ಲ. ಆದರೆ ಪೈಲಟ್, ಗೈಡ್ ಎಷ್ಟೇ ನುರಿತವರಿದ್ದರೂ ನಿಮ್ಮ ಪಾಲಿನ ಕೆಲಸ ಒಂದಿಷ್ಟು ಇದ್ದೇ ಇರುತ್ತದೆ. ಅದನ್ನು ಊರಿನಲ್ಲೇ ರೂಢಿ ಮಾಡಿಕೊಂಡು ಹೋಗುವುದು ಒಳ್ಳೆಯದು.

ಹೊರಡುವ ಮೊದಲು

ವಯಸ್ಕರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿಯ ಮೂಲಪ್ರತಿ ಒಯ್ಯಬೇಕು. 15ರಿಂದ 65 ವರ್ಷದೊಳಗಿನವರಿಗೆ ಬರೀ ಆಧಾರ್ ಸಾಲದು. ವೀಸಾ ಬೇಕಿಲ್ಲ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ. ಭಾರತದ ರೂಪಾಯಿಗೆ ಅಲ್ಲಿ ‘ಐಸಿ’, ನೇಪಾಳದ್ದಕ್ಕೆ ‘ಎನ್‌ಸಿ’ ಎನ್ನುತ್ತಾರೆ. ದರ ಕೇಳುವಾಗ ಯಾವ ಲೆಕ್ಕದಲ್ಲಿ ಹೇಳುತ್ತಿದ್ದಾರೆಂದು ಮೊದಲೇ ಕೇಳಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸಾಹಸ ಕ್ರೀಡೆ ಹೆಚ್ಚಾಗಿ ಸೇರಿರುವುದಿಲ್ಲ. ಸೇರಿದೆಯೇ ಎಂದು ಪಾಲಿಸಿ ಓದಿಯೇ ಹಣ ಕಟ್ಟಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆಗಾಲ, ಎರಡಕ್ಕೂ ಆಗಿಬರುವುದಿಲ್ಲ. ದಸರೆ ರಜೆಗೆ ಹೋಗುವವರು ಎರಡು ಸಂಗತಿ ನೆನಪಿಡಬೇಕು. ಅದೇ ಹೊತ್ತಿಗೆ ಅಲ್ಲಿ ದಶೈಂ ಹಬ್ಬ, ಬಸ್ಸುಗಳು ತುಂಬಿರುತ್ತವೆ. ಮಳೆ ಆಗಷ್ಟೇ ನಿಂತಿರುವುದರಿಂದ ನದಿಯೂ ತುಂಬಿರುತ್ತದೆ. ಹೊಸಬರಿಗೆ ದೀಪಾವಳಿ ಆಸುಪಾಸಿನಿಂದ ನವೆಂಬರ್ ಕೊನೆಯವರೆಗಿನ ದಿನಗಳೇ ವಾಸಿ. ನೀರು ಇಳಿದಿರುತ್ತದೆ, ಆಕಾಶ ತಿಳಿಯಾಗಿ ಅನ್ನಪೂರ್ಣ ಶಿಖರಗಳು ಕಾಣುತ್ತವೆ.

ಮೊದಲು ನದಿ

ಕಠ್ಮಂಡುವಿನಿಂದ ಪೋಖರಾಕ್ಕೆ ಸುಮಾರು 200 ಕಿ.ಮೀ. ತ್ರಿಶೂಲಿ ಆ ಹೆದ್ದಾರಿಯ ಪಕ್ಕದಲ್ಲೇ ಹರಿಯುತ್ತದೆ. ಹೋಗುವ ದಾರಿಯಲ್ಲೇ ಒಂದು ದಿನದ ರಾಫ್ಟಿಂಗ್ ಮುಗಿಸಿಕೊಳ್ಳಬಹುದು. ಬ್ಯಾಗು ಯಾವ ಗಾಡಿಯಲ್ಲಿರುತ್ತದೆ, ದೋಣಿ ಇಳಿಯುವಲ್ಲಿ ಅದು ಬಂದು ನಿಂತಿರುತ್ತದೆಯೇ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಒಣ ಬಟ್ಟೆ ಅದರಲ್ಲೇ ಇರುತ್ತದಲ್ಲ!

ನದಿಯ ರಭಸವನ್ನು 1ರಿಂದ 6 ಗ್ರೇಡ್‌ಗಳಲ್ಲಿ ಅಳೆಯುತ್ತಾರೆ. ಮೊದಲ ಸಲಕ್ಕೆ 2 ಮತ್ತು 3 ಸಾಕು. ತ್ರಿಶೂಲಿಯ ಒಂದು ದಿನದ ಹಾದಿ ಹೆಚ್ಚುಕಡಿಮೆ ಇದೇ ಮಟ್ಟದ್ದು. ಭೋಟೆಕೋಶಿ ನದಿ ಅದಕ್ಕಿಂತ ಬಲು ಕಡಿದು, ಹೊಸಬರಿಗಲ್ಲ.

ಜೀನ್ಸ್ ಬೇಡ, ನೆನೆದರೆ ಭಾರವಾಗುತ್ತದೆ. ಕನ್ನಡಕಕ್ಕೆ ದಾರ ಕಟ್ಟಿ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿದ ಮೇಲೆ ಅದರ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಲು ಜೊತೆಯವರಿಗೆ ಹೇಳಿ. ಜಾಕೆಟ್ ಗದ್ದದವರೆಗೆ ಏರಿದರೆ ಸಡಿಲವಿದೆ ಎಂದರ್ಥ, ಇನ್ನಷ್ಟು ಬಿಗಿಯಬೇಕು. ಸಡಿಲವಿದ್ದರೆ ನೀರಿನಲ್ಲಿ ಜಾಕೆಟ್ ತೇಲುತ್ತದೆ, ನೀವು ಅದರೊಳಗಿಂದ ಕೆಳಗೆ ಜಾರುತ್ತೀರಿ.

ಹುಟ್ಟಿನ ತುದಿಯ ಅಡ್ಡ ಹಿಡಿಕೆಯ ಮೇಲಿನ ಅಂಗೈ ತೆಗೆಯಲೇಬಾರದು. ಕೈ ಬಿಟ್ಟರೆ ಆ ಹಿಡಿಕೆ ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ರಾಫ್ಟಿಂಗ್‌ನಲ್ಲಿ ಇಂಥ ಪೆಟ್ಟು ಸಾಮಾನ್ಯ. ದೊಡ್ಡ ಅಲೆ ಬಂದಾಗ ಹೊಸಬರು ಹೆದರಿ ಹುಟ್ಟು ಎತ್ತಿಬಿಡುತ್ತಾರೆ. ನೀರಿನೊಳಗಿರುವ ಹುಟ್ಟೇ ಆಗ ನಿಮಗೆ ಆಸರೆ. ಗೈಡ್ ‘ಗೆಟ್ ಡೌನ್’ ಎಂದರೆ ಮಾತ್ರ ಒಳಗೆ ಕುಕ್ಕರಿಸಿ ಹಗ್ಗ ಹಿಡಿಯಿರಿ.

ನೀರಿಗೆ ಬಿದ್ದರೆ? ದೋಣಿಯ ಸುತ್ತಲ ಹಗ್ಗ ಕೈಗೆಟುಕಿದರೆ ಹಿಡಿಯಿರಿ. ಇಲ್ಲವಾದರೆ ಅಂಗಾತ ಮಲಗಿ, ಪಾದಗಳು ಹರಿವಿನ ದಿಕ್ಕಿಗಿರಲಿ, ಕಾಲ್ಬೆರಳು ನಿಮ್ಮ ಕಣ್ಣಿಗೆ ಕಾಣುತ್ತಿರಲಿ. ಭೀಮೆಯಲ್ಲಿ ಕಾಲಿಗೆ ನೆಲ ಸಿಕ್ಕಿದ ಕೂಡಲೇ ನಿಲ್ಲುವುದು ನಮಗೆ ರೂಢಿ. ಅಲ್ಲಿ ಮೊಣಕಾಲುದ್ದದ ನೀರಿನಲ್ಲೂ ನಿಲ್ಲಬೇಡಿ. ಪಾದ ಬಂಡೆಗಳ ಸಂದಿಯಲ್ಲಿ ಸಿಕ್ಕಿಬಿದ್ದರೆ ಹಿಂದಿನಿಂದ ಬರುವ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ರಕ್ಷಣೆಗೆ ಹಗ್ಗ ಎಸೆದರೆ ಎದೆಗೆ ಒತ್ತಿ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ. ದೋಣಿಯ ಅಡಿಗೆ ಸೇರಿಕೊಂಡರೆ ಎರಡೂ ಕೈಯಿಂದ ಅದರ ತಳ ಒತ್ತುತ್ತ ಒಂದೇ ದಿಕ್ಕಿಗೆ ಸರಿಯಿರಿ, ಹೊರಗೆ ಬರುತ್ತೀರಿ.

ಆಮೇಲೆ ಗಾಳಿ

ಪೋಖರಾದಲ್ಲಿ ಸಾರಂಗಕೋಟ್ ಕಡೆಯ ಬೆಟ್ಟಸಾಲಿನಿಂದ ಹಾರಿ ಫೇವಾ ಕೆರೆಯ ದಂಡೆಯಲ್ಲಿ ಇಳಿಯುತ್ತಾರೆ. ಪೈಲಟ್ ಹಿಂದೆ, ನೀವು ಮುಂದೆ. ಸಾಮಾನ್ಯವಾಗಿ ಅರ್ಧ ಗಂಟೆಯ ಹಾರಾಟ. ಪೋಖರಾ ತಲುಪಿದ ಮರುದಿನ ಬೆಳಗ್ಗೆಯೇ ಹೆಸರು ಬರೆಸಿ. ಮೋಡ ಕವಿದರೆ ಇನ್ನೊಂದು ದಿನ ಕೈಯಲ್ಲಿರುತ್ತದೆ. ಹಾರಿಸುವುದಿಲ್ಲ ಎಂದ ಪೈಲಟ್‌ನನ್ನು ಒತ್ತಾಯಿಸಲೇಬೇಡಿ. ಗಾಳಿ ಇಳಿಜಾರಿನ ಕೆಳಗಿನಿಂದ ಎದುರಿಗೆ ಬರಬೇಕು. ಬೆನ್ನ ಕಡೆಯಿಂದ ಬೀಸುತ್ತಿದ್ದರೆ ಕಾಯಬೇಕು, ಬೇರೆ ದಾರಿಯಿಲ್ಲ.

ಹೆಲ್ಮೆಟ್ ಹಾಕಿ, ಎರಡು ತೊಡೆಯ ಬಕಲ್, ಒಂದು ಎದೆಯ ಬಕಲ್ ಟಕ್ ಎಂದು ಕೂತಿವೆಯೇ ಎಂದು ನೀವೂ ಮುಟ್ಟಿ ನೋಡಿ. ತೊಡೆಯ ಬಕಲ್ ಮರೆತರೆ ಸೀಟಿನಿಂದ ಜಾರುವ ಅಪಾಯವಿದೆ. ಸೀರೆ, ದುಪಟ್ಟಾ, ಚಪ್ಪಲಿ ಬೇಡ. ಬೂಟು, ಜಾಕೆಟ್ ಇರಲಿ.

ಇನ್ನು ಓಟ. ಹಿಂದೆ ಹಾಸಿದ ಬಟ್ಟೆಯ ರೆಕ್ಕೆ ನೆಲದಿಂದ ಏಳುವಾಗ ನಿಮ್ಮನ್ನು ಹಿಂದಕ್ಕೆ ಜಗ್ಗುತ್ತದೆ. ಕುಂಟೆ ಎಳೆಯುವ ಎತ್ತಿನ ಹಾಗೆ ಎದೆ ಮುಂದೆ ಬಾಗಿಸಿ ಬಲವಾಗಿ ಹೆಜ್ಜೆ ಹಾಕಿ. ನಾಲ್ಕಾರು ಹೆಜ್ಜೆಗೆ ಜಗ್ಗಾಟ ತುಸು ಸಡಿಲಾಗುತ್ತದೆ, ಪಾದ ಹಗುರವಾಗುತ್ತದೆ. ಅಷ್ಟಕ್ಕೇ ಹಾರಿದೆವೆಂದು ಕೂತುಬಿಡುವುದೇ ಹೊಸಬರ ದೊಡ್ಡ ತಪ್ಪು. ಕೂತರೆ ಇಬ್ಬರ ಭಾರವೂ ಪೈಲಟ್‌ನ ಕಾಲ ಮೇಲೆ ಬೀಳುತ್ತದೆ, ವೇಗ ಸತ್ತು ರೆಕ್ಕೆ ಎತ್ತುವುದಿಲ್ಲ, ಇಬ್ಬರೂ ಇಳಿಜಾರಿನಲ್ಲಿ ಕುಂಡಿಯ ಮೇಲೆ ಜಾರುತ್ತಾರೆ. ಕಣಕಾಲಿಗೆ, ಬೆನ್ನುಮೂಳೆಗೆ ಪೆಟ್ಟು ಬೀಳುವುದು ಹೀಗೆ. ಕಾಲಡಿ ನೆಲ ಇಲ್ಲದಾದ ಮೇಲೂ ಗಾಳಿಯಲ್ಲೇ ಓಡುತ್ತಿರಿ. ಪೈಲಟ್ ಹೇಳಿದಾಗಲೇ ಕೂರಿ. ಅಲ್ಲಿನವರು ಹಿಂದಿಯಲ್ಲಿ ‘ದೌಡೋ ದೌಡೋ’ ಎಂದು ಕೂಗುತ್ತಾರೆ. ನಮ್ಮ ಕಡೆಯವರಿಗೆ ಆ ಮಾತು ಹೊಸದೇನಲ್ಲ.

ಊರಲ್ಲಿ ಹೀಗೆ ಅಭ್ಯಾಸ ಮಾಡಿ: ಸೊಂಟಕ್ಕೆ ಹಳೆಯ ಧೋತರ ಸುತ್ತಿ, ಎರಡೂ ತುದಿಯನ್ನು ಹಿಂದಿನವರ ಕೈಗೆ ಕೊಟ್ಟು, ಅವರು ಜಗ್ಗಿ ಹಿಡಿದಿರುವಾಗಲೇ ಹದಿನೈದು ಇಪ್ಪತ್ತು ಹೆಜ್ಜೆ ಓಡಿ. ನೋಟ ಪಾದದ ಕಡೆಗಲ್ಲ, ದೂರಕ್ಕಿರಲಿ.

ಹಾರುವ ದಿನ ಬೆಳಗ್ಗೆ ಶೇಂಗಾ ಹಿಂಡಿ, ಎಣ್ಣೆಯ ತಿಂಡಿ ಬೇಡ. ಎರಡು ತಾಸು ಮೊದಲು ಬಾಳೆಹಣ್ಣು ತಿಂದರೆ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತು ಹಾಕುತ್ತ ಮೇಲೇರುವಾಗ ಹೊಟ್ಟೆ ತೊಳಸಬಹುದು. ಆಗ ದೂರದ ಬೆಟ್ಟದ ಸಾಲು ನೋಡಿ, ಪೈಲಟ್‌ಗೆ ಕೂಡಲೇ ಹೇಳಿ, ಬೇಗ ಇಳಿಸುತ್ತಾರೆ. ಕಸರತ್ತಿನ ತಿರುಗಾಟ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಿ.

ಇಳಿಯುವಾಗ ಪೈಲಟ್ ಹೇಳಿದ ಕೂಡಲೇ ಸೀಟಿನಿಂದ ಮುಂದೆ ಸರಿದು ಕಾಲು ಕೆಳಗಿಳಿಸಿ, ನೆಲ ತಾಕಿದ ಮೇಲೆ ನಾಲ್ಕು ಹೆಜ್ಜೆ ಓಡಿ. ಕಾಲು ಮೇಲೆತ್ತಿ ಎಂದರೆ ಎತ್ತಿಯೇ ಹಿಡಿಯಿರಿ. ರೆಕ್ಕೆ ಹಿಂದೆ ಪೂರ್ತಿ ಕುಸಿದು ಪೈಲಟ್ ಕೊಂಡಿ ಬಿಚ್ಚುವವರೆಗೆ ನಿಂತಲ್ಲೇ ನಿಲ್ಲಿ, ಹೆಲ್ಮೆಟ್ ಎಲ್ಲಕ್ಕಿಂತ ಕೊನೆಗೆ ತೆಗೆಯಿರಿ.