ಹಳೆಯ ಪೂಲ್ ಲಿಫ್ಟ್‌ನ ದುರಸ್ತಿ: ಮೊದಲು ಚೌಕಟ್ಟು, ಆಮೇಲೆ ಬ್ಯಾಟರಿ

ಗಾಲಿಕುರ್ಚಿ ಬಳಸುವವರನ್ನು ಈಜುಕೊಳಕ್ಕೆ ಇಳಿಸಿ ಮೇಲಕ್ಕೆತ್ತುವ ಬ್ಯಾಟರಿಚಾಲಿತ ಲಿಫ್ಟ್ ಹಳೆಯದಾಗಿ ಕೈಗೆ ಬಂದಾಗ, ಯಾರಿಗಾದರೂ ಮೊದಲು ಗುಂಡಿ ಒತ್ತಿ ನೋಡುವ ಮನಸ್ಸಾಗುತ್ತದೆ. ದಯವಿಟ್ಟು ಆ ಆಸೆಯನ್ನು ಸ್ವಲ್ಪ ತಡೆದುಕೊಳ್ಳಿ. ಮೋಟಾರು ತಿರುಗದಿದ್ದರೆ ಅದು ನೆಲದ ಮೇಲೇ ಗೊತ್ತಾಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಕಾಲಿನಲ್ಲಿ ಬಲವಿಲ್ಲದವರೊಬ್ಬರು ಸೀಟಿನಲ್ಲಿ ಕುಳಿತು ನೀರಿನ ಮೇಲೆ ತೂಗುತ್ತಿರುವಾಗ ಬೆಸುಗೆ ಬಿಟ್ಟುಕೊಂಡರೆ, ಇಲ್ಲವೇ ಇಳಿಸಿದ ಲಿಫ್ಟ್ ಅವರನ್ನು ಎತ್ತಲಾರದೆ ನಿಂತರೆ, ಅವರು ಎದ್ದು ಪಕ್ಕಕ್ಕೆ ಸರಿಯಲಾರರು. ದುರಸ್ತಿಯ ಕ್ರಮ ಈ ಎರಡು ಅಪಾಯಗಳಿಂದ ಹೊರಡಬೇಕು.

ಎಲ್ಲಕ್ಕಿಂತ ಮೊದಲು ಯಂತ್ರದ ಮೇಲಿನ ಫಲಕವನ್ನು ಹುಡುಕಿ, ಮಾದರಿ, ಕ್ರಮಸಂಖ್ಯೆ ಮತ್ತು ಗರಿಷ್ಠ ಭಾರವನ್ನು ಬರೆದುಕೊಂಡು, ಆ ಮಾದರಿಯ ಕೈಪಿಡಿಯನ್ನು ತಯಾರಕರಿಂದ ಪಡೆಯಿರಿ. ಫಲಕ ಕಿತ್ತುಹೋಗಿದ್ದು ಮಾದರಿಯನ್ನು ಬೇರೆ ಯಾವ ರೀತಿಯಲ್ಲೂ ಗುರುತಿಸಲಾಗದಿದ್ದರೆ, ನನ್ನ ಅಭಿಪ್ರಾಯದಲ್ಲಿ ಆ ಲಿಫ್ಟ್ ಬಿಡಿಭಾಗಗಳಿಗಷ್ಟೇ ಯೋಗ್ಯ. ಎಷ್ಟು ಭಾರ ಹೊರುತ್ತದೆಂದು ಕಣ್ಣಳತೆಯಲ್ಲಿ ಹೇಳುವ ಧೈರ್ಯ ಯಾರೂ ಮಾಡಬಾರದು.

ಬ್ಯಾಟರಿಯನ್ನು ಕಳಚಿಟ್ಟು, ಸೀಟನ್ನು ಹೊರುವ ತೋಳಿಗೆ ಕೆಳಗಿನಿಂದ ಗಟ್ಟಿಯಾದ ಆಧಾರ ಕೊಟ್ಟು, ಇಡೀ ಚೌಕಟ್ಟನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ. ಬಣ್ಣ ಉಬ್ಬಿರುವ ಕಡೆಯೆಲ್ಲ ಅದನ್ನು ಕೆರೆದು ಒಳಗೆ ನೋಡಬೇಕು, ಏಕೆಂದರೆ ಪೌಡರ್ ಕೋಟಿಂಗ್‌ನ ಅಡಿಯಲ್ಲಿ ತುಕ್ಕು ಹೊರಗೆ ಕಾಣಿಸದೆ ಹರಡಿರುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೇಲಿನ ಕಂದು ಕಲೆ ಉಜ್ಜಿದರೆ ಹೋಗುವಂಥದ್ದಾದರೆ ಚಿಂತೆಯಿಲ್ಲ. ಉಜ್ಜಿದ ಮೇಲೂ ಸೂಜಿಮೊನೆಯಂಥ ಗುಳಿಗಳು ಉಳಿದರೆ, ಕ್ಲೋರೈಡ್ ಲೋಹವನ್ನು ಆಳಕ್ಕೆ ಕೊರೆಯುತ್ತಿದೆ ಎಂದರ್ಥ. ಅಲ್ಯೂಮಿನಿಯಂ ಭಾಗಕ್ಕೆ ಸ್ಟೀಲ್ ಬೋಲ್ಟ್ ತಾಗುವ ಜಾಗದಲ್ಲಿ ಬಿಳಿ ಪುಡಿ ಕಂಡರೆ ಅಲ್ಲಿ ಅಲ್ಯೂಮಿನಿಯಂ ಸವೆಯುತ್ತಿದೆ, ಬೋಲ್ಟ್ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ. ಬೆಸುಗೆಯ ಅಂಚುಗಳಿಗೆ, ಅದರಲ್ಲೂ ಕಂಬದ ಬುಡ, ತೋಳಿನ ಕೀಲು ಮತ್ತು ಸೀಟಿನ ಕೊಂಡಿಯ ಬಳಿ, ಬಿರುಕು ತೋರಿಸುವ ಬಣ್ಣದ ದ್ರವವನ್ನು ಹಚ್ಚಿ ಪರೀಕ್ಷಿಸಿ. ಭಾರ ಹೊರುವ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಅದರ ಮೇಲೆ ಮತ್ತೊಂದು ಬೆಸುಗೆ ಹಾಕಿಸಿ ಸಮಾಧಾನಪಡದೆ ಆ ಭಾಗವನ್ನೇ ಬದಲಿಸಿ. ಕೀಲಿನ ಪಿನ್ ಮತ್ತು ಬುಷ್ (ಪಿನ್ ತಿರುಗುವ ಒಳಬಳೆ) ಸವೆದಿದ್ದರೆ ಎರಡನ್ನೂ ಒಟ್ಟಿಗೆ ಹೊಸದು ಹಾಕಬೇಕು. ನೈಲಾನ್ ಇರುವ ಲಾಕ್ ನಟ್ ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಬಳಸಬಾರದು. ಬೋಲ್ಟುಗಳ ದರ್ಜೆ ಕೈಪಿಡಿಯಲ್ಲಿರುವಂತೆಯೇ ಇರಲಿ.

ಕೊಳದ ಅಂಚಿನ ಕಾಂಕ್ರೀಟಿನಲ್ಲಿ ಲಿಫ್ಟನ್ನು ಹಿಡಿದಿಡುವ ತಳಗುಣಿಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಲಿಫ್ಟ್ ಬೇರೆ ಕೊಳದಿಂದ ಬಂದಿದ್ದರೆ ಈ ಗುಣಿ ಹೊಸದಾಗಿಯೇ ಆಗಬೇಕು. ಅದರ ಆಳ, ಸುತ್ತಲಿನ ಕಾಂಕ್ರೀಟಿನ ದಪ್ಪ, ಲೋಹದ ಭಾಗಗಳನ್ನು ಕೊಳದ ಬಾಂಡಿಂಗ್ ತಂತಿಗೆ (ವಿದ್ಯುದಾಘಾತ ತಪ್ಪಿಸಲು ಸುತ್ತಲಿನ ಲೋಹವನ್ನೆಲ್ಲ ಒಂದಕ್ಕೊಂದು ಬೆಸೆಯುವ ತಂತಿ) ಜೋಡಿಸುವುದು, ಇವಿಷ್ಟನ್ನು ಪರವಾನಗಿ ಇರುವ ಎಲೆಕ್ಟ್ರೀಷಿಯನ್ ಮತ್ತು ಅನುಭವಿ ಗುತ್ತಿಗೆದಾರರಿಗೇ ಬಿಡುವುದು ಸರಿ.

ಈಗ ವಿದ್ಯುತ್ತಿನ ಕಡೆಗೆ ಬರಬಹುದು. ಇಂಥ ಲಿಫ್ಟುಗಳಲ್ಲಿ ಹೆಚ್ಚಿನವು 24 ವೋಲ್ಟಿನವು. ಪೆಟ್ಟಿಗೆಯೊಳಗೆ 12 ವೋಲ್ಟಿನ ಎರಡು ಸೀಲ್ಡ್ ಲೆಡ್-ಆಸಿಡ್ ಬ್ಯಾಟರಿಗಳು ಸರಣಿಯಲ್ಲಿರುತ್ತವೆ. ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಮಲ್ಟಿಮೀಟರಿನಲ್ಲಿ ಅಳೆದಾಗ ಒಳ್ಳೆಯ ಜೋಡಿ ಸುಮಾರು 25.4 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸುತ್ತದೆ. ಆದರೆ ಸುಮ್ಮನಿರುವಾಗಿನ ಈ ಅಂಕಿ ಮೋಸ ಮಾಡಬಲ್ಲದು. ತಿಂಗಳುಗಟ್ಟಲೆ ಖಾಲಿಯಾಗಿ ಬಿದ್ದಿದ್ದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಭಾರ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಲಿಫ್ಟ್ ಭಾರ ಎತ್ತುತ್ತಿರುವಾಗಲೇ ಅಳೆಯಿರಿ. ಕುಸಿತ ಎರಡು ವೋಲ್ಟಿಗಿಂತ ಹೆಚ್ಚಿದ್ದರೆ ನಾನಂತೂ ಆ ಬ್ಯಾಟರಿಯನ್ನು ನಂಬುವುದಿಲ್ಲ. ಬದಲಿಸುವಾಗ ಎರಡನ್ನೂ ಒಂದೇ ಬಗೆಯ ಹೊಸ ಬ್ಯಾಟರಿಗಳಿಂದ ಬದಲಿಸಿ, ಮತ್ತು ಫ್ಯೂಸ್ ಹಾರುತ್ತಿದೆಯೆಂದು ಹೆಚ್ಚಿನ ಆಂಪಿಯರಿನದನ್ನು ಎಂದಿಗೂ ಹಾಕಬೇಡಿ. ಚಾರ್ಜಿಂಗ್ ಕೊಳದಿಂದ ದೂರದ ಒಣ ಕೋಣೆಯಲ್ಲೇ ನಡೆಯಬೇಕು. ಕ್ಲೋರಿನ್ ಇಡುವ ಕೋಣೆ ಇದಕ್ಕೆ ತಕ್ಕದ್ದಲ್ಲ.

ಬ್ಯಾಟರಿ ಚೆನ್ನಾಗಿದ್ದೂ ಲಿಫ್ಟ್ ಅಲುಗದಿದ್ದರೆ, ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿಕೊಂಡೇ ಉಳಿದಿದೆಯೇ ನೋಡಿ. ಮುಂದಿನ ಅನುಮಾನ ರಿಮೋಟಿನ ಕೇಬಲ್ ಮೇಲೆ, ಏಕೆಂದರೆ ಅದರ ಪ್ಲಗ್‌ನ ಪಿನ್ನುಗಳು ಹಸಿರುಗಟ್ಟುವುದು ತೀರಾ ಸಾಮಾನ್ಯ. ಪಿನ್ನುಗಳನ್ನು ಶುಚಿಮಾಡಿ ಸಿಲಿಕೋನ್ ಗ್ರೀಸ್ ಹಚ್ಚಿ. ಕೇಬಲ್ ಸೀಳಿದ್ದರೆ ಟೇಪ್ ಸುತ್ತದೆ ಹೊಸದನ್ನೇ ತನ್ನಿ. ಆಮೇಲೆ ಗುಂಡಿ ಒತ್ತಿಹಿಡಿದು ಆಕ್ಚುಯೇಟರಿನ, ಅಂದರೆ ತೋಳನ್ನು ಎತ್ತಿ ಇಳಿಸುವ ಮೋಟಾರುಳ್ಳ ದಂಡದ, ಪ್ಲಗ್ ಬಳಿ ಅಳೆಯಿರಿ. ಅಲ್ಲಿಗೆ 24 ವೋಲ್ಟ್ ಬರುತ್ತಿದ್ದರೆ ತಪ್ಪು ಆಕ್ಚುಯೇಟರಿನದು, ಬಾರದಿದ್ದರೆ ಕಂಟ್ರೋಲ್ ಬಾಕ್ಸಿನದು ಅಥವಾ ರಿಮೋಟಿನದು. ಆಕ್ಚುಯೇಟರನ್ನು ಬಿಚ್ಚಿ ಒಣಗಿಸಿ ಮತ್ತೆ ಮುಚ್ಚಿದರೆ ಅದು ಕೆಲವು ದಿನ ಓಡಬಹುದು, ಆದರೆ ಒಮ್ಮೆ ಕೆಟ್ಟ ಸೀಲ್ ಮತ್ತೆ ನೀರನ್ನು ಒಳಗೆ ಬಿಡುತ್ತದೆ. ಅದೇ ಉದ್ದ, ಅದೇ ಚಲನೆ, ಅದೇ ಭಾರ ಮತ್ತು ಅದೇ ಜಲನಿರೋಧಕ ದರ್ಜೆಯ ಹೊಸ ಆಕ್ಚುಯೇಟರನ್ನು ತಯಾರಕರಿಂದಲೇ ತರಿಸುವುದು ಒಳ್ಳೆಯದು.

ಸೀಟಿನ ಬೆಲ್ಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ. ಬಿಸಿಲು ಮತ್ತು ಕ್ಲೋರಿನ್ ಅದರ ಎಳೆಗಳನ್ನು ಶಿಥಿಲಗೊಳಿಸಿರುತ್ತವೆ. ಸೀಟು, ಪಾದವಿಡುವ ಹಲಗೆ ಮತ್ತು ತೋಳಿನ ಅಂಚುಗಳ ಮೇಲೆಲ್ಲ ಬರಿಗೈ ಆಡಿಸಿ ನೋಡಿ. ಸ್ಪರ್ಶಜ್ಞಾನವಿಲ್ಲದ ಚರ್ಮಕ್ಕೆ ಗೀರಿದ ಪ್ಲಾಸ್ಟಿಕ್ ಅಂಚು ಗಾಯ ಮಾಡಿದರೂ ಕುಳಿತವರಿಗೆ ತಿಳಿಯುವುದಿಲ್ಲ, ಆ ಗಾಯ ವಾಸಿಯಾಗಲು ತಿಂಗಳುಗಳೇ ಬೇಕಾಗಬಹುದು.

ಪರೀಕ್ಷೆಗೆ ಮನುಷ್ಯರನ್ನು ಕೂರಿಸಬಾರದು. ನೀರು ತುಂಬಿದ 20 ಲೀಟರಿನ ಕ್ಯಾನ್ ಸುಮಾರು 20 ಕಿಲೋ ತೂಗುತ್ತದೆ. ಕ್ಯಾನುಗಳನ್ನೋ ಮರಳಿನ ಚೀಲಗಳನ್ನೋ ಸೀಟಿಗೆ ಬಿಗಿದು, ಮೊದಲು ಖಾಲಿ, ನಂತರ ಅರ್ಧ, ಕೊನೆಗೆ ಫಲಕದಲ್ಲಿರುವ ಪೂರ್ಣ ಭಾರದೊಂದಿಗೆ ಇಳಿಸಿ ಏರಿಸಿ. ಅಮೆರಿಕದ 2010ರ ಪ್ರವೇಶಸೌಲಭ್ಯ ಮಾನದಂಡವು ಒಬ್ಬರ ಲಿಫ್ಟ್ ಕನಿಷ್ಠ 136 ಕಿಲೋ ಎತ್ತಬೇಕು, ನಮೂದಿತ ಭಾರದ ಒಂದೂವರೆ ಪಟ್ಟನ್ನು ನಿಂತಲ್ಲೇ ತಾಳಬೇಕು ಎನ್ನುತ್ತದೆ. ಆ ಒಂದೂವರೆ ಪಟ್ಟಿನ ಪರೀಕ್ಷೆಯನ್ನು ತಯಾರಕರಿಗೆ ಬಿಟ್ಟುಬಿಡಿ. ನೀರಿನೊಳಗೆ ಕ್ಯಾನುಗಳ ಭಾರ ಬಹುತೇಕ ಇಲ್ಲವಾಗುತ್ತದೆ, ಸೀಟು ನೀರಿನಿಂದ ಹೊರಬರುವಾಗ ಅದಷ್ಟೂ ಮರಳುತ್ತದೆ. ಆದ್ದರಿಂದ ಮೋಟಾರಿನ ಸದ್ದನ್ನು ಆ ಕ್ಷಣದಲ್ಲೇ ಕಿವಿಗೊಟ್ಟು ಕೇಳಬೇಕು. ಪೂರ್ಣ ಭಾರವನ್ನು ಅರ್ಧ ಎತ್ತರದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಕಂಬದ ಮೇಲೆ ಗುರುತು ಹಾಕಿ, ತೋಳು ಜಾರುತ್ತಿದೆಯೇ ಎಂದು ನೋಡಿ. ಬ್ಯಾಟರಿ ಕೈಕೊಟ್ಟಾಗ ಕೈಯಿಂದ ಏರಿಸುವ ವ್ಯವಸ್ಥೆ ಆ ಮಾದರಿಯಲ್ಲಿದ್ದರೆ ಅದನ್ನೂ ಇದೇ ಭಾರದೊಂದಿಗೆ ಪ್ರಯೋಗಿಸಿ.

ಇಷ್ಟೆಲ್ಲ ಸರಿಯಾಗಿದ್ದರೆ ಮಾತ್ರ ಬಳಸುವವರನ್ನು ಕರೆಯಿರಿ. ಸೀಟಿನ ಎತ್ತರ ಅವರ ಗಾಲಿಕುರ್ಚಿಗೆ ಹೊಂದುತ್ತದೆಯೇ, ನೀರಿನಲ್ಲಿದ್ದುಕೊಂಡೇ ರಿಮೋಟ್ ಅವರ ಕೈಗೆ ಎಟುಕುತ್ತದೆಯೇ, ಗುಂಡಿ ಒತ್ತುವ ಬಲ ಅವರ ಬೆರಳಿಗಿದೆಯೇ ಎಂಬುದನ್ನು ಅವರೇ ಹೇಳಬೇಕು. ಮೊದಲ ಸಲ ಒಬ್ಬರು ನೀರಿನಲ್ಲಿ, ಇನ್ನೊಬ್ಬರು ಕಂಟ್ರೋಲ್ ಬಾಕ್ಸಿನ ಬಳಿ ನಿಂತಿರಲಿ.