ರೈಫಲ್‌ಗೆ ಮೊದಲು ಕಾಡತೂಸು ಹುಡುಕಿ

ಸೇನೆಯಲ್ಲಿ ಶಸ್ತ್ರ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದ ಮೇಲೆ ನಾನು ಬೆಳಗಾವಿಯಲ್ಲೇ ನೆಲೆಸಿದ್ದೇನೆ. ಖಾನಾಪುರ, ಗೋಕಾಕ, ಜಮಖಂಡಿ ಕಡೆಯ ಲೈಸೆನ್ಸ್‌ದಾರರು ಸಲಹೆ ಕೇಳಲು ಬರುತ್ತಾರೆ. ಅಜ್ಜನ ಕಾಲದ ರೈಫಲ್‌ಗೆ ಗುಂಡು ಸಿಗುತ್ತಿಲ್ಲ ಎಂಬುದು ಕೆಲವರ ಚಿಂತೆ. ಅಂಗಡಿಯಲ್ಲಿ .315 ಬಿಟ್ಟರೆ ಬೇರೆ ಬೋರ್ (ಇಂಚಿನಲ್ಲಿ ಹೇಳುವ ನಳಿಗೆಯ ಒಳವ್ಯಾಸ) ಕಾಣುವುದೇ ಇಲ್ಲ ಎಂಬುದು ಇನ್ನು ಕೆಲವರ ದೂರು. ಇಬ್ಬರಿಗೂ ನಾನು ಹೇಳುವುದು ಒಂದೇ: ರೈಫಲ್‌ನ ಅಂದ ನೋಡುವ ಮೊದಲು ಅದರ ಕಾಡತೂಸು ಎಲ್ಲಿಂದ ಬರುತ್ತದೆ ಎಂದು ವಿಚಾರಿಸಿ.

ಹೊಸದನ್ನು ಕೊಳ್ಳುವವರಿಗೆ ಆಯ್ಕೆ ಕಡಿಮೆ. ಪಶ್ಚಿಮ ಬಂಗಾಳದ ಈಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯ .315, .30-06 ಮತ್ತು .22, ಬಹುಮಟ್ಟಿಗೆ ಇಷ್ಟೇ. .315 ಎಲ್ಲೆಡೆ ಇರುವುದಕ್ಕೆ ಇತಿಹಾಸವೇ ಕಾರಣ. ಸೇನೆಯ .303 ಗುಂಡು ಜನಸಾಮಾನ್ಯರ ಬಂದೂಕಿಗೆ ಹೊಂದಬಾರದು ಎಂದು ಬ್ರಿಟಿಷರು ಬಯಸಿದ್ದರು. ಹಾಗಾಗಿ ಆಸ್ಟ್ರಿಯಾದ 8 ಮಿ.ಮೀ. (ಅಂದರೆ .315 ಇಂಚು) ಮಾನ್ಲಿಖರ್ ಕಾಡತೂಸಿನ ಮಾದರಿ ಇಲ್ಲಿ ಬೇರೂರಿತು. .303 ಇಂದಿಗೂ ನಿಷೇಧಿತ ಬೋರ್. ಅದನ್ನು ಹೇಗಾದರೂ ಮಾಡಿ ಕೊಡಿಸುತ್ತೇನೆ ಎನ್ನುವವನ ಜೊತೆ ಮಾತನ್ನೇ ಮುಂದುವರಿಸಬೇಡಿ. .30-06 ಒಳ್ಳೆಯ ರೈಫಲ್, ಆದರೆ ನಮ್ಮ ಭಾಗದಲ್ಲಿ ಅದರ ಗುಂಡು ಇಟ್ಟಿರುವ ಅಂಗಡಿ ಹುಡುಕುವುದೇ ಕಷ್ಟ. 2021ರ ಅಕ್ಟೋಬರ್‌ನಲ್ಲಿ ಸರ್ಕಾರದ ಆರ್ಡ್‌ನನ್ಸ್ (ಶಸ್ತ್ರಾಸ್ತ್ರ) ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ರೈಫಲ್ ತಯಾರಿಸುವ ಕಂಪನಿ ಬೇರೆ, ಗುಂಡು ತಯಾರಿಸುವ ಕಂಪನಿ ಬೇರೆ. ಆದ್ದರಿಂದ ಅಂಗಡಿಯವರನ್ನು ರೈಫಲ್ ಯಾವಾಗ ಬರುತ್ತದೆ ಎಂದಷ್ಟೇ ಕೇಳಿದರೆ ಸಾಲದು. ಅದರ ಕಾಡತೂಸು ಕಳೆದ ಸಲ ಯಾವಾಗ ಬಂದಿತ್ತು, ಈಗ ಎಷ್ಟು ದಾಸ್ತಾನಿದೆ ಎಂದೂ ಕೇಳಿ. ಹುಬ್ಬಳ್ಳಿ, ಪುಣೆಯ ಅಂಗಡಿಗಳಲ್ಲೂ ಇದನ್ನೇ ವಿಚಾರಿಸಿದ ಬಳಿಕವಷ್ಟೇ ಮುಂಗಡ ಕೊಡಿ.

ಹಳೆಯ ರೈಫಲ್‌ಗಳ ಕಥೆ ಬೇರೆ. 1907ರ ಸುಮಾರಿಗೆ ಭಾರತದಲ್ಲಿ .450 ಬೋರ್ ನಿಷೇಧವಾದಾಗ ಇಂಗ್ಲೆಂಡಿನ ತಯಾರಕರು ಅದಕ್ಕೆ ಬದಲಾಗಿ .470, .465 ಎಂದು ಹೊಸ ಬೋರ್‌ಗಳನ್ನು ತಂದರು. ನಮ್ಮ ವಾಡೆಗಳ ಕಪಾಟುಗಳಲ್ಲಿ ಇಂಥ ವಿಚಿತ್ರ ಅಂಕಿಗಳು ಕಾಣುವುದು ಇದರಿಂದಲೇ. 1972ರ ವನ್ಯಜೀವಿ ಕಾಯ್ದೆಯ ನಂತರ ಬೇಟೆ ನಿಂತಿತು, ಎಂಬತ್ತರ ದಶಕದಿಂದ ಸಾಮಾನ್ಯ ನಾಗರಿಕರಿಗೆ ಆಮದೂ ಮುಚ್ಚಿತು. ಈಗ ಅಲ್ಲಿ ಇಲ್ಲಿ ಸಿಗುವುದು ದಶಕಗಳ ಹಿಂದಿನ ದಾಸ್ತಾನು. ಹಿತ್ತಾಳೆ ಹಸಿರುಗಟ್ಟಿದ, ಕತ್ತು ಸೀಳಿದ ಕಾಡತೂಸನ್ನು ಎಷ್ಟೇ ಅಪರೂಪದ್ದಾದರೂ ಹಾರಿಸಬೇಡಿ.

ಮೊದಲು ಗುರುತಿಸಬೇಕಾದದ್ದು ಅದು ನಿಜಕ್ಕೂ ಯಾವ ಬೋರ್ ಎಂಬುದನ್ನು. ಲೈಸೆನ್ಸ್ ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ ನಂಬಬೇಡಿ. ಅದು ಹಳೆಯ ಪುಸ್ತಕದಿಂದ ಹೊಸದಕ್ಕೆ ಕೈಬರಹದಲ್ಲಿ ಇಳಿದು ಬಂದದ್ದು. ನಳಿಗೆಯ ಮೇಲಿನ ಮುದ್ರೆಗಳನ್ನು ಭೂತಗನ್ನಡಿ ಹಿಡಿದು ಓದಿ. ಬ್ರಿಟಿಷ್ ನಳಿಗೆಗಳಲ್ಲಿ ಬೋರ್, ಕಾಡತೂಸಿನ ಉದ್ದ, ಕಾರ್ಡೈಟ್ ಮದ್ದಿನ ತೂಕ, ಗುಂಡಿನ ತೂಕ ಎಲ್ಲವೂ ಸಾಮಾನ್ಯವಾಗಿ ಇರುತ್ತವೆ. .375 ಎಂದು ಮಾತ್ರ ಬರೆದಿದ್ದರೆ ಏನೂ ತಿಳಿದಂತಾಗಲಿಲ್ಲ: 1912ರ ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್, ಬುಡದಲ್ಲಿ ಅಂಚು ಇರುವ ಮ್ಯಾಗ್ನಮ್, ಎರಡೂವರೆ ಇಂಚು ಉದ್ದದ ಹಳೆಯ ನೈಟ್ರೊ ಕಾಡತೂಸು, ಇವೆಲ್ಲ .375ಗಳೇ, ಆದರೆ ಒಂದರ ಕಾಡತೂಸು ಇನ್ನೊಂದಕ್ಕಲ್ಲ. .318 ವೆಸ್ಟ್ಲಿ ರಿಚರ್ಡ್ಸ್ ಹೆಸರಿನಲ್ಲಿ .315ಕ್ಕೆ ಹತ್ತಿರ ಕಾಣುತ್ತದೆ, ಆದರೆ ಅದರ ಗುಂಡಿನ ವ್ಯಾಸ .330 ಇಂಚು! ಇದಕ್ಕೆ ವಿರುದ್ಧವಾಗಿ .275 ರಿಗ್ಬಿ ಮತ್ತು 7×57 ಮೌಸರ್ ಎರಡು ಹೆಸರಿನ ಒಂದೇ ಕಾಡತೂಸು. ಮುದ್ರೆ ಸವೆದಿದ್ದರೆ ಲೈಸೆನ್ಸ್ ಇರುವ ಬಂದೂಕು ದುರಸ್ತಿಗಾರರಿಂದ ಚೇಂಬರಿನ (ನಳಿಗೆಯಲ್ಲಿ ಕಾಡತೂಸು ಕೂರುವ ಭಾಗದ) ಅಚ್ಚು ತೆಗೆಸಿ ಅಳೆಸಿ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಮುಚ್ಚಿತು ಎಂಬುದು ಗುಂಡು ಹೊಂದಿತು ಎಂಬುದಕ್ಕೆ ಸಾಕ್ಷಿಯಲ್ಲ. ತಪ್ಪು ಗುಂಡಿನ ಒತ್ತಡ ಮೊದಲು ಸಿಡಿಯುವುದು ನಿಮ್ಮ ಮುಖದ ಪಕ್ಕದಲ್ಲಿ.

ಗುಂಡು ಸಿಗದ ಕೋಪಕ್ಕೆ ನಳಿಗೆ ಬದಲಿಸಿ .315 ಮಾಡಿಸುವ ಯೋಚನೆ ಬಿಡಿ. ಅನುಮತಿಯಿಲ್ಲದೆ ಪರಿವರ್ತನೆ ಮಾಡುವುದು ಶಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಜೊತೆಗೆ, ಶತಮಾನದ ಹಿಂದೆ ಕೈಯಿಂದ ಕೂಡಿಸಿದ ಆ ಲೋಹದ ಕೆಲಸ ಹಾಳಾಗುವುದನ್ನು ನನ್ನಿಂದ ನೋಡಲಾಗದು. ಹಾರಿಸದೆ, ಎಣ್ಣೆ ಹಚ್ಚಿ, ಲೈಸೆನ್ಸ್ ನವೀಕರಿಸುತ್ತ ಕಾಪಾಡಿ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದಾಗ ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದಾಗ, 2016ರ ನಿಯಮಗಳ ಪ್ರಕಾರ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಆದರೆ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ವಾರಸಿನಿಂದ ಬಂದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಮಗನ ಬಳಿ ಆಗಲೇ ಎರಡಿದ್ದರೆ ಮಗಳ ಹೆಸರಿಗೆ ಅರ್ಜಿ ಹಾಕಿಸಿ.

ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೂ ಪೊಲೀಸ್ ಠಾಣೆಗೂ ಲಿಖಿತ ಮಾಹಿತಿ ಕೊಟ್ಟು ಕನಿಷ್ಠ 45 ದಿನ ಕಾಯಬೇಕು. ಆ ದಿನಗಳನ್ನು ಕಾಡತೂಸು ಹುಡುಕಲು ಬಳಸಿ. ನಳಿಗೆಯ ಮುದ್ರೆಗಳ ಸ್ಪಷ್ಟ ಫೋಟೊ ಮೊಬೈಲಿನಲ್ಲಿರಲಿ, ಅಂಗಡಿಯವರಿಗೆ ಬಾಯಿಮಾತಿನಲ್ಲಿ ಬೋರ್ ಹೇಳುವ ಬದಲು ಅದನ್ನೇ ತೋರಿಸಿ. ಪುಸ್ತಕದ ನಮೂದು ಮುದ್ರೆಗೆ ಹೊಂದದಿದ್ದರೆ ಹಣ ಕೊಡುವ ಮೊದಲೇ ಲೈಸೆನ್ಸ್ ಕೊಟ್ಟ ಕಚೇರಿಯಲ್ಲಿ ತಿದ್ದಿಸಿಕೊಡಲು ಮಾರುವವರಿಗೆ ಹೇಳಿ.